ಮಣ್ಣಿಗೆ ಹೋದ ಬೆಲ್ಟು

ಒಂದು ಹಳೆಯ ಬೆಲ್ಟಿನಿಂದ ನನಗಾದ ನಷ್ಟವನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ಮಕ್ಕರಿ ರೇಷ್ಮೆ ಗೂಡು ನನ್ನ ಅಟ್ಟದ ಮೇಲೆ ಚಿಟ್ಟೆಯೊಡೆದು ಹಾಳಾಯಿತು. ಒಬ್ಬ ಪೇದೆ ನನ್ನ ದೆಸೆಯಿಂದ ನಾಲ್ಕು ದಿನ ಬಂದೂಕನ್ನು ತಲೆಯ ಮೇಲೆತ್ತಿ ಹಿಡಿದು ಬಿಸಿಲಲ್ಲಿ ಮೈದಾನ ಸುತ್ತಿದ. ಒಬ್ಬ ಹೆಣ್ಣುಮಗಳು ತನ್ನ ಗಂಡನ ಸಮಾಧಿಯ ಮೇಲೆ ಗುದ್ದಲಿ ಬೀಳುವುದನ್ನು ನೋಡಬೇಕಾಯಿತು. ಇಷ್ಟೆಲ್ಲ ಯಾತಕ್ಕೆ ಅಂದರೆ, ನಾನು ಒಂದು ಕಾಗದವನ್ನು ನೋಡಲು ಕೇಳಲಿಲ್ಲ, ಅದಕ್ಕೆ. ಇಪ್ಪತ್ತು ವರ್ಷದ ಹತ್ತಿರ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ನಾನು ಓದಿದ್ದು ನಾಲ್ಕನೇ ತರಗತಿ. ಹಳ್ಳಿಹಳ್ಳಿ ತಿರುಗಿ ರೈತರಿಂದ ಗೂಡು ಕೊಂಡು, ತಲೆಯ ಮೇಲೆ ಹೊತ್ತು ತಂದು, ನೂಲು ತೆಗೆಯುವವರಿಗೆ ಮಾರುತ್ತ ಕೊಳ್ಳೇಗಾಲದಲ್ಲಿ ಒಂದು ಅಂಗಡಿ ಮಾಡಿಕೊಂಡವನು. ಟವಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಪೇಟೆಯಲ್ಲಿ ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಜಾಣತನವೇ ನನ್ನನ್ನು ಹೇಗೆ ಕೆಡಿಸಿತು ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಪೊಲೀಸರ ಮನೆಯ ಸಾವಿಗೆ ಹೋಗುವ ಅಭ್ಯಾಸವನ್ನು ನನಗೆ ಹಚ್ಚಿದವರು ಒಬ್ಬ ನಿವೃತ್ತ ದಫೇದಾರರು. ದಿನಾ ಸಾಯಂಕಾಲ ಅಂಗಡಿಯ ಜಗಲಿಗೆ ಬಂದು ಕೂರುತ್ತಿದ್ದರು. ಒಂದು ದಿನ ಪೊಲೀಸ್ ಲೈನಿನಲ್ಲಿ ಜ್ವರ ಬಂದು ಒಬ್ಬ ಪೇದೆ ತೀರಿಕೊಂಡಿದ್ದ. ಬೀದಿಯವರು ಒಬ್ಬರೂ ಆ ಕಡೆ ತಿರುಗಲಿಲ್ಲ.

"ಸಾವ್ಕಾರ್ರೇ, ನಾವು ಬದುಕಿರೋಗಂಟ ಸಲಾಮು, ಸತ್ತ ಮ್ಯಾಲೆ ಮುಚ್ಚಿದ್ ಬಾಗ್ಲು," ಅಂದರು ದಫೇದಾರರು. "ಬ್ಯಾರೆ ಮನೇಲಿ ಸಾವಾದ್ರೆ ಒಲೆ ಅಚ್ಚಬಾರ್ದು ಅಂತ ಅಕ್ಕಪಕ್ಕದೋರು ಅನ್ನ ಸಾರು ತರ್ತಾರೆ. ಆ ಲೈನಲ್ಲಿ ಇರೋ ಮೂರು ಮಕ್ಳು ಬೆಳಗಿಂದ ಒಂದು ತೊಟ್ಟು ಗಂಜಿ ಕುಡ್ದಿಲ್ಲ ಕಣ್ರಿ."

ನನ್ನ ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತಪ್ಪಲೆಗೆ ಅನ್ನ ತುಂಬಿ ಸೆರಗು ಕಟ್ಟಿ ನಿಂತಳು. ಅವತ್ತಿನಿಂದ ಶುರು. ದಫೇದಾರರು ಸುದ್ದಿ ತರುವುದು, ನನ್ನ ಹೆಂಡತಿ ಅಡಿಗೆ ಮಾಡಿ ಹೋಗಿ ಆ ಹೆಂಗಸಿನ ಪಕ್ಕ ಕೂರುವುದು, ನಾನು ಗಾಡಿ, ಕಟ್ಟಿಗೆ, ಹಾರೆ, ಕಾಗದಪತ್ರ ನೋಡಿಕೊಳ್ಳುವುದು. ಸಂಘವೂ ಇಲ್ಲ, ರಸೀದಿ ಪುಸ್ತಕವೂ ಇಲ್ಲ. ಲೈನಿನ ಉಳಿದ ಪೇದೆಗಳಿಗೂ ಅವಳೇ ಬಡಿಸುತ್ತಿದ್ದಳು. ಜೊತೆಯಲ್ಲಿ ಮಲಗಿದ್ದವನು ಬೆಳಗ್ಗೆ ಸತ್ತಿರುತ್ತಾನೆ, ಮಧ್ಯಾಹ್ನ ಅವರನ್ನು ಸಂತೆಯ ಬಂದೋಬಸ್ತಿಗೆ ಕಳಿಸಿರುತ್ತಾರೆ. ಅಳುವುದಕ್ಕೂ ಅವರಿಗೆ ರಜೆ ಇಲ್ಲ.

ನಾನು ಹೇಳುತ್ತಿರುವುದು ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷದ ಮಳೆಗಾಲದ ಮಾತು. ಅದಕ್ಕೆ ಮುಂಚೆ ನಾವು ಕೊಯಮತ್ತೂರು ಜಿಲ್ಲೆ. ಹತ್ತಿರದ ಯಳಂದೂರಿನವರು ಮೊದಲಿಂದಲೂ ಮೈಸೂರಿನವರು. ಹೊಳೆ ದಾಟಿ ಬಂದರೆ "ನೀವಿನ್ನೂ ಹೊಸಬ್ರು, ಹಿಂದೆ ನಿಂತ್ಕಳ್ಳಿ" ಅಂತ ನಮ್ಮನ್ನು ಛೇಡಿಸುತ್ತಿದ್ದರು. ಸರ್ಕಾರ ಬದಲಾಯಿತು, ಬೋರ್ಡು ಬದಲಾಯಿತು, ಪೇದೆಗಳು ಮಾತ್ರ ಅವರೇ. ಮದರಾಸಿನವರು ಕೊಟ್ಟ ಬೆಲ್ಟು ಕಟ್ಟಿಕೊಂಡೇ ಮೈಸೂರಿನ ಕೆಲಸ ಮಾಡುತ್ತಿದ್ದರು.

ಆ ಮಳೆಗಾಲ ಕಾವೇರಿ ತುಂಬಿ ಸತ್ತೇಗಾಲದ ಹತ್ತಿರ ಕಬ್ಬಿನ ಗದ್ದೆಯ ಗುಡಿಸಿಲಿನಲ್ಲಿ ಒಂದು ಸಂಸಾರ ಸಿಕ್ಕಿಹಾಕಿಕೊಂಡಿತ್ತು. ಅವರನ್ನು ತರಲು ಹರಿಗೋಲಿನಲ್ಲಿ ಹೋದ ಪೇದೆ, ಮುಳ್ಳೂರಿನವನು, ನಮ್ಮ ಜನವೇ. ಸಂಸಾರ ದಡಕ್ಕೆ ಬಂತು. ಎರಡನೇ ಸಲ ಅವರ ಎಮ್ಮೆಕರುವಿಗೆ ಅಂತ ಹೋದವನು ಬರಲಿಲ್ಲ. ಮಾರನೆಯ ದಿನ ಕೆಳಗೆ ಪೊದೆಗೆ ಸಿಕ್ಕಿಕೊಂಡಿದ್ದ ಹೆಣ ಸಿಕ್ಕಿತು. ಸೊಂಟದ ಬೆಲ್ಟು ಬಿಗಿಯಾಗಿ ಹಾಗೇ ಇತ್ತು. ಬೆಲ್ಟಿನ ಮೇಲೆ ನಂಬರಿನ ಹಿತ್ತಾಳೆ ಬಿಲ್ಲೆ, ಜೇಬಿನಲ್ಲಿ ಸರಪಳಿಯ ಸೀಟಿ.

ಆಸ್ಪತ್ರೆಯಲ್ಲಿ ಅವನ ಬಟ್ಟೆ ಕತ್ತರಿಸಿ ತೆಗೆದಿದ್ದರು. ಮುಳ್ಳೂರಿಗೆ ಒಯ್ದು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತ ಹಾಗೇ ಎಡಗೈಯಲ್ಲಿ ಲಿಂಗ ಇಟ್ಟು ಸಮಾಧಿಗೆ ಇಳಿಸುತ್ತೇವೆ. ಹೊಸ ಪಂಚೆ ತಂದಿದ್ದರು. ಆಗ ಎದ್ದವನು ನಾನು. ಅವನು ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದ ಇನ್ನೊಂದು ಜೊತೆ ಖಾಕಿ ತರಿಸಿ, ಇದೇ ಹಾಕಬೇಕು ಅಂದೆ. ಲೈನಿನ ಅವನ ಜೊತೆಗಾರ ಪೇದೆ, ಪಕ್ಕದ ಮನೆಯವನು, ಹುಣಸೇಹಣ್ಣು ಹಚ್ಚಿ ಬಿಲ್ಲೆಯನ್ನು ಚಿನ್ನದ ಹಾಗೆ ಉಜ್ಜಿ ತಂದ. ಕ್ರಿಯೆ ಮಾಡಿಸುತ್ತಿದ್ದ ಐನೋರು ತಡೆದರು.

"ತೊಗಲು ಸಮಾದಿಗೆ ಇಳೀಬಾರ್ದು ಕಣ್ಲಾ."

"ಐನೋರೇ, ಈ ಬೆಲ್ಟು ಕಟ್ಕಂಡೇ ಅವನು ನೀರಿಗೆ ಇಳ್ದಿದ್ದು."

"ಬೂಟೂ ಆಕ್ಕಂಡೇ ಇಳ್ದ. ಅದ್ನೂ ಆಕಾಣ ಅಂತೀಯಾ?"

"ಬೂಟು ನಿಮ್ಮ ಮಾತಿಗೆ ಬುಟ್ಟೆ. ಬೆಲ್ಟು ನನ್ನ ಮಾತಿಗೆ ಬುಡಿ."

ಐನೋರು ಆ ದುಃಖದಲ್ಲೂ ನಕ್ಕುಬಿಟ್ಟರು. "ಸಾವಿನ ಮನೇಲೂ ಚೌಕಾಸಿ ಮಾಡ್ತೀಯಲ್ಲಲಾ!"

ನಾನು ಗೆದ್ದೆ. ಬೂಟು, ಟೋಪಿ, ಲಾಠಿ ಹಿಂದಕ್ಕೆ ಬಂದವು. ಬೆಲ್ಟು, ಬಿಲ್ಲೆ, ಸೀಟಿ ಅವನ ಜೊತೆ ಹೋದವು. ಇನ್ಸ್‌ಪೆಕ್ಟರು ಬಂದಿದ್ದರು. ಗುಂಡಿಯ ಅಂಚಿನಲ್ಲಿ ಅಟೆನ್ಷನ್ ನಿಂತು, ಒಳಗೆ ಖಾಕಿಯಲ್ಲಿ ಕೂತಿದ್ದವನಿಗೆ ಸಲ್ಯೂಟ್ ಹೊಡೆದರು. ಊರು ಗೊಳೋ ಅಂತು. ನಾನು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಮನೆಗೆ ಬಂದೆ.

ಇಪ್ಪತ್ತು ದಿನ ಕಳೆಯಿತು. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ನನ್ನ ಹೆಂಡತಿಯ ಜೊತೆ ಕಚೇರಿಗೆ ಹೋದಳು. ಯಾವ ಕಚೇರಿ ಅಂತ ಬರೆಯುವುದಿಲ್ಲ, ಬರೆದು ಪ್ರಯೋಜನವೂ ಇಲ್ಲ. ಸಾಮಾನು ಕೊಠಡಿಯ ಗುಮಾಸ್ತ ಬೂಟು, ಟೋಪಿ, ಲಾಠಿ ಎಣಿಸಿಕೊಂಡು, ತಲೆ ಎತ್ತದೆ ಕೇಳಿದನಂತೆ:

"ಬೆಲ್ಟು ಎಲ್ಲಿ? ಬಿಲ್ಲೆ ಎಲ್ಲಿ? ಸೀಟಿ ಎಲ್ಲಿ?"

"ಅವರ ಜೊತೇಲೇ ಅವೆ ಸಾ," ಅಂದಳಂತೆ ಅವಳು.

"ಹಾಗಾದರೆ ಅವರನ್ನೇ ಕೇಳಿ ಇಸ್ಕೊಂಡು ಬನ್ನಿ."

ಪಕ್ಕದ ಮೇಜಿನವನು ನಕ್ಕನಂತೆ. ನನ್ನ ಹೆಂಡತಿ ಮನೆಗೆ ಬಂದು ಸೆರಗು ಕೊಡವಿ ನೆಲಕ್ಕೆ ಬಡಿದಳು. "ಅವನ ನಾಲ್ಗೆ ಬಿದ್ದೋಗ! ಆ ಎಣ್ಮಗ ಅಲ್ಲೇ ಗೋಡೆ ಇಡ್ಕಂಡು ನಿಂತ್ಬುಟ್ಲು. ನೀವಿಲ್ಲಿ ಗೂಡು ತೂಗ್ತಾ ಕುಂತಿದ್ದೀರಿ!"

ಮೂರೂ ಹಿಂದಕ್ಕೆ ಬಂದ ಹೊರತು, ಸಾಮಾನೆಲ್ಲ ಒಪ್ಪಿಸಿದ್ದಾರೆ ಅನ್ನುವ ಚೀಟಿ ಇಲ್ಲ. ಚೀಟಿ ಇಲ್ಲದೆ ಪಿಂಚಣಿ, ಪರಿಹಾರ ಅಂತ ಅವಳ ಯಾವ ಅರ್ಜಿಯೂ ಮೇಲಕ್ಕೆ ಹೋಗುವುದಿಲ್ಲ. ತಿಂಗಳ ಕೊನೆಗೆ ಲೈನ್ ಮನೆ ಬಿಡಬೇಕು. ನಾನು ನೇರವಾಗಿ ಇನ್ಸ್‌ಪೆಕ್ಟರ ಹತ್ತಿರ ಹೋದೆ. ಕೂರಿಸಿದರು, ಕಾಫಿ ಕೊಟ್ಟರು.

"ಹೊಳೆಯಲ್ಲಿ ಹೋಯಿತು ಅಂತ ಒಂದು ಸಾಲು ಬರೆದುಕೊಡಿ ಸಾ," ಅಂದೆ.

"ಹೇಗೆ ಬರೀಲಿ? ಹೂಳಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ಹಾಗಾದ್ರೆ ಹೂಳಿದ್ವಿ ಅಂತಲೇ ಬರೀರಿ."

"ಹಾಗೆ ಬರೆದರೆ, ಸರ್ಕಾರದ ಸಾಮಾನು ಹೂಳೋಕೆ ನೀನು ಹೇಗೆ ಬಿಟ್ಟೆ ಅಂತ ನನ್ನನ್ನ ಕೇಳ್ತಾರೆ."

ಸುಳ್ಳು ಬರೆಯುವುದಿಲ್ಲ, ನಿಜವನ್ನೂ ಬರೆಯುವುದಿಲ್ಲ! ಸಲ್ಯೂಟ್ ಹೊಡೆದ ಆ ಕೈಗೆ ಪೆನ್ನು ಮಾತ್ರ ಭಾರ. ನಾನು ಕಾಫಿ ಕುಡಿಯದೆ ಎದ್ದು ಬಂದೆ.

ಆಮೇಲೆ ಗುಮಾಸ್ತನ ಹತ್ತಿರ ನನ್ನ ಕಸುಬು ತೋರಿಸಲು ಕೂತೆ. ಅವನು ಮೂರೂ ಬೇಕು ಅಂದ. ನಾನು ಒಂದೂ ಇಲ್ಲ ಅಂದೆ. ಎರಡು ದಿನ ಎಳೆದಾಡಿದೆ. ಸೀಟಿ ಯಾವುದಾದರೂ ಸರಿ ಅನ್ನುವ ತನಕ ಇಳಿಸಿದೆ. ಬೆಲ್ಟು ಕೂಡ ಯಾವುದಾದರೂ ಸರಿ ಅನ್ನಿಸಿದೆ. ಬಿಲ್ಲೆಗೆ ಮಾತ್ರ ಅವನು ಜಗ್ಗಲಿಲ್ಲ. ನಂಬರಿನ ಬಿಲ್ಲೆ ಅದೇ ಬೇಕು. ಮೂರರಲ್ಲಿ ಎರಡು ಇಳಿಸಿದೆನಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ. ದಫೇದಾರರು ತಮ್ಮ ಹಳೆಯ ಸೀಟಿ ಕೊಟ್ಟರು. ಬೆಲ್ಟಿಗೆ, ಬಿಲ್ಲೆ ಉಜ್ಜಿದ ಆ ಜೊತೆಗಾರ ಪೇದೆಯನ್ನು ಕೇಳಿದೆ. "ಒಂದು ವಾರ ಕೊಡಪ್ಪ, ಹಿಂದಕ್ಕೆ ಕೊಡಿಸ್ತೀನಿ" ಅಂದೆ. ಅವನು ತನ್ನ ಬಿಲ್ಲೆ ಬಿಚ್ಚಿಕೊಂಡು ಬೆಲ್ಟು ಕೊಟ್ಟ. ಸತ್ತ ಗೆಳೆಯನ ಹೆಸರು ಹೇಳಿ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಅವನಿಗೆ ಪೆರೇಡಿನಲ್ಲಿ ಏನಾಗುತ್ತದೆ ಅಂತ ನಾನು ಯೋಚಿಸಲಿಲ್ಲ. ಬೆಲ್ಟಿಲ್ಲದೆ ನಿಂತದ್ದಕ್ಕೆ, ಎಲ್ಲಿ ಹೋಯಿತು ಅಂತ ಬಾಯಿ ಬಿಡದ್ದಕ್ಕೆ, ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ದಿನ ಮೈದಾನ ಸುತ್ತಿಸಿದರು. ನಾಲ್ಕನೆಯ ದಿನ ವಾಂತಿ ಮಾಡಿಕೊಂಡು ಬಿದ್ದನಂತೆ. ನನಗೆ ಹೇಳಿ ಕಳಿಸಲೂ ಇಲ್ಲ.

ಇತ್ತ ಸತ್ತವನ ಅಣ್ಣ ಮುಳ್ಳೂರಿನಿಂದ ಬಂದ. ಕೆಟ್ಟವನಲ್ಲ. ಅವನ ಮನೆಯಲ್ಲೇ ಎಂಟು ಜನ, ಲೈನ್ ಮನೆ ಹೋದರೆ ಈ ಮೂವರೂ ಅಲ್ಲಿಗೇ.

"ಮೂರಡಿ ಅಗುದ್ರೆ ಸಿಕ್ತದೆ ಕಣ್ರಿ," ಅಂದ. "ಬಿಲ್ಲೆ ತಕಂಡು ಮುಚ್ಚಿಬುಡಾನ. ಸತ್ತೋನು ಬಂದು ಕೇಳ್ತಾನಾ?"

ಅವಳು ಬಾಗಿಲ ಹಿಂದಿನಿಂದ ಅಂದಳು: "ಒಂದು ಬೊಗ್ಸೆ ಮಣ್ಣು ಕದಲ್ಸಿದ್ರೂ ನನ್ಗೆ ಯಾವ ಕಾಗ್ದವೂ ಬ್ಯಾಡ ಭಾವ. ನಾನು ಮಕ್ಳ ಕರ್ಕಂಡು ಕೂಲಿಗೆ ಓಯ್ತೀನಿ."

"ಕೂಲಿ ಸಿಕ್ಕದಿದ್ ದಿನ?"

ಅವನು ನನ್ನ ಕಡೆ ತಿರುಗಿದ. "ಸಾವ್ಕಾರ್ರೇ, ಬೆಲ್ಟು ಕಟ್ಸಿದ್ದು ನೀವು. ಸೋಮವಾರದೊಳ್ಗೆ ಬಿಲ್ಲೆಗೆ ಏನಾರ ದಾರಿ ಮಾಡಿ. ಇಲ್ದಿದ್ರೆ ಮಂಗಳವಾರ ನಾನು ಗುದ್ದಲಿ ತಕತೀನಿ."

ದಫೇದಾರರಿಗೆ ಒಂದು ಉಪಾಯ ಹೊಳೆಯಿತು. ಬಿಲ್ಲೆ ಕೊಟ್ಟದ್ದು ಕೊಯಮತ್ತೂರು, ಅಲ್ಲೇ ಅದೇ ನಂಬರಿನ ಇನ್ನೊಂದು ಬಿಲ್ಲೆ ಹೊಡೆಸಿಕೊಂಡು ಬರೋಣ, ತಮಗೆ ಅಲ್ಲಿ ಹಳೇ ಪರಿಚಯ ಉಂಟು ಅಂದರು. ಅವತ್ತು ಅಟ್ಟದ ಮೇಲೆ ಹನ್ನೆರಡು ಮಕ್ಕರಿ ಗೂಡಿತ್ತು. ಗೂಡು ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ತೋರಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಬರುತ್ತದೆ, ಆಮೇಲೆ ಅದರಿಂದ ಎಳೆ ಬರುವುದಿಲ್ಲ. ಗೊತ್ತಿದ್ದೂ ಹೊರಟೆ.

ಹಾಸನೂರು, ದಿಂಬಂ ಘಾಟಿ ಇಳಿದು ಕೊಯಮತ್ತೂರು ಸೇರಿದೆವು. ಕಚೇರಿಯಲ್ಲಿ ಒಬ್ಬ ಮುದುಕ ಗುಮಾಸ್ತರು. ತಮಿಳಿನಲ್ಲೇ ಮಾತು, ದಫೇದಾರರು ನನಗೆ ಹೇಳುತ್ತಿದ್ದರು. ಎಲ್ಲ ಕೇಳಿಸಿಕೊಂಡು ಆ ಮುದುಕರು ಮೊದಲು ಕೇಳಿದ್ದು, "ಅವನ ಹೆಂಡತಿ ಊಟ ಮಾಡುತ್ತಿದ್ದಾಳಾ?" ಅಂತ. ಇಷ್ಟು ದಿನದಲ್ಲಿ ಆ ಮಾತು ಕೇಳಿದ ಮೊದಲ ಸರ್ಕಾರಿ ಮನುಷ್ಯ. ಆಮೇಲೆ ಕೇಳಿದರು:

"ನಿಮ್ಮ ಆ ಗುಮಾಸ್ತ ಯಾವ ಪಟ್ಟಿ ನೋಡಿಕೊಂಡು ಬೆಲ್ಟು ಕೇಳುತ್ತಿದ್ದಾನೆ?"

ನಮ್ಮಿಬ್ಬರಲ್ಲಿ ಯಾರೂ ಅವನಿಗೆ ಪಟ್ಟಿ ತೋರಿಸು ಅಂದಿರಲಿಲ್ಲ.

ಮುದುಕರು ಎದ್ದು ಹೋಗಿ ಒಂದು ಕಟ್ಟು ತಂದು ಧೂಳು ಹೊಡೆದರು. ಕೊಳ್ಳೇಗಾಲದ ಕಡೆಯ ಪೇದೆಗಳಿಗೆ ಕೊಟ್ಟ ಸಾಮಾನಿನ ಪಟ್ಟಿ ಅದು. ಮೈಸೂರಿಗೆ ಹೋಗಲೇ ಇಲ್ಲ, ಅಲ್ಲೇ ಇತ್ತು. ಬೆಲ್ಟು, ಬಿಲ್ಲೆ, ಸೀಟಿ, ಮೂರರ ಮೇಲೂ ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು. ತಾಲ್ಲೂಕು ಬಿಟ್ಟುಕೊಟ್ಟಾಗಲೇ, ಹಳೆಯ ಮಾದರಿಯದು, ಹಿಂದಕ್ಕೆ ಬೇಡ ಅಂತ ವಜಾ ಮಾಡಿಬಿಟ್ಟಿದ್ದರು. "ನಮಗೂ ಬೇಡ, ನಿಮ್ಮವರ ಪಟ್ಟಿಗೂ ಹತ್ತಿಲ್ಲ. ಅದು ಸತ್ತವನದೇ," ಅಂದರು. ಎರಡು ಸಾಲು ಬರೆದು ಮೊಹರು ಒತ್ತಿ ಕೊಟ್ಟರು.

ನನ್ನ ಮೈ ಉರಿದುಹೋಯಿತು. ಮಕ್ಕರಿಗೆ ಕೈ ಹಾಕಿ ಗೂಡು ಹಿಚುಕಿ ನೋಡದೆ ಒಂದು ದಿನವೂ ನಾನು ಬೆಲೆ ಮಾತಾಡಿದವನಲ್ಲ. ಇಲ್ಲಿ ಎರಡು ದಿನ ಬೆವರು ಸುರಿಸಿ ಬರಿ ಮಕ್ಕರಿಗೆ ಬೆಲೆ ಕುದುರಿಸಿದ್ದೆ. ಇನ್ನೊಬ್ಬನ ಸೊಂಟದ ಬೆಲ್ಟು ಬಿಚ್ಚಿ ಮುಂಗಡವಾಗಿ ಕೊಟ್ಟುಬಂದಿದ್ದೆ!

ಬರುವಾಗ ಘಾಟಿಯಲ್ಲಿ ಬಸ್ಸು ಕೆಟ್ಟು ಒಂದು ದಿನ ಹೋಯಿತು. ಮುಳ್ಳೂರಿಗೆ ಓಡಿದಾಗ ಮಂಗಳವಾರ ಮಧ್ಯಾಹ್ನ. ಹೊಲದ ಅಂಚಿನಲ್ಲಿ ಸಮಾಧಿಯ ಮೇಲೆ ಮೊಳದಾಳ ಅಗೆದಿತ್ತು. ಆ ಗುಂಡಿಯಲ್ಲಿ ಅವಳು ಕಾಲು ಚಾಚಿ ಕೂತಿದ್ದಳು. ಅವಳ ಪಕ್ಕದಲ್ಲಿ, ಒಬ್ಬಳೇ ನಡೆದುಕೊಂಡು ಬಂದಿದ್ದ ನನ್ನ ಹೆಂಡತಿ.

"ಆಕು, ಗುದ್ದಲಿ ಆಕು," ಅನ್ನುತ್ತಿದ್ದಳು ಆ ಅಣ್ಣನಿಗೆ. "ಮೊದ್ಲು ನನ್ನ ಮಂಡಿ ಮ್ಯಾಲೆ ಆಕು. ಆಮ್ಯಾಲೆ ಇವ್ಳ ಮಂಡಿ. ಆಮ್ಯಾಲೆ ನಿನ್ನ ತಮ್ಮನ ಸೊಂಟ."

ಅವನು ಗುದ್ದಲಿಯನ್ನು ದೂರ ಎಸೆದು, ತಲೆ ತಗ್ಗಿಸಿ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಕಾಗದ ತೋರಿಸಿ ಅದರಲ್ಲಿ ಏನಿದೆ ಅಂತ ಹೇಳಿದೆ. ಅವರಿಬ್ಬರೂ ಎದ್ದ ಮೇಲೆ ಅವನು, ಗುದ್ದಲಿ ಮುಟ್ಟದೆ, ಬರಿಗೈಯಲ್ಲಿ ಮಣ್ಣು ಎಳೆದು ಎಳೆದು ಮುಚ್ಚಿದ. ಅವಳು ಅದನ್ನು ನಿಂತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣ, ಆ ಪಟ್ಟಿಯ ಮೊದ್ಲೇ ಯಾಕೆ ಕೇಳ್ನಿಲ್ಲ?"

ಮಾರನೆಯ ದಿನ ಗುಮಾಸ್ತನ ಮೇಜಿನ ಮುಂದೆ ನಿಂತು ಅದನ್ನೇ ಕೇಳಿದೆ. "ಪಟ್ಟಿ ತೋರ್ಸಿ."

"ಯಾವ ಪಟ್ಟಿ?"

"ಬೆಲ್ಟು ಕೊಟ್ಟಿದ್ದೀರಿ ಅಂತ ಬರೆದಿರೋ ಪಟ್ಟಿ."

ಅವನು ಕಪಾಟು ತೆಗೆದ, ಮುಚ್ಚಿದ. "ಪಟ್ಟಿ ಅಂತ ಏನಿಲ್ಲ. ಯಾರು ಸತ್ತರೂ ಈ ಮೂರು ವಾಪಸ್ಸು ತಗೊಳ್ಳೋದು ವಾಡಿಕೆ."

ವಾಡಿಕೆ! ಅವನು ಲಂಚ ಕೇಳಿದವನಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ಕೇಳಿದ್ದರೆ ನನಗೆ ಅರ್ಥವಾಗುತ್ತಿತ್ತು, ಅವನಿಗೆ ಬೇಕಾದ್ದು ಏನು ಅಂತ ಅವನಿಗಾದರೂ ಗೊತ್ತಿರುತ್ತಿತ್ತು. ಇವನಿಗೆ ಏನೂ ಬೇಕಿರಲಿಲ್ಲ. ಸುಮ್ಮನೆ ಕೇಳಿದ. ಸುಮ್ಮನೆ ಕೇಳಿದ್ದಕ್ಕೆ ಒಂದು ಸಮಾಧಿ ಅಗೆದರು. ನಾನು ಅವತ್ತು ಆ ಕಚೇರಿಯಲ್ಲಿ ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಇನ್ಸ್‌ಪೆಕ್ಟರು ಓಡಿ ಬಂದು ಕೊಯಮತ್ತೂರಿನ ಕಾಗದ ನೋಡಿದರು. ಬೇರೊಬ್ಬರು ಬರೆದ ಮೇಲೆ ಅವರ ಪೆನ್ನಿಗೆ ಬಲ ಬಂತು, ನಿಂತ ನಿಲುವಿನಲ್ಲೇ ಸಹಿ ಹಾಕಿದರು. ಅವಳ ಅರ್ಜಿ ಮೇಲಕ್ಕೆ ಹೋಯಿತು. ಅದು ತೀರ್ಮಾನವಾಗುವ ತನಕ ಲೈನ್ ಮನೆಯಲ್ಲಿ ಇರಬಹುದು ಅಂತಲೂ ಬರೆಸಿಕೊಂಡೆ.

ಬೆಲ್ಟನ್ನು ಹಿಂದಕ್ಕೆ ಇಸಿದುಕೊಂಡು ಆ ಜೊತೆಗಾರ ಪೇದೆಯ ಮನೆಗೆ ಹೋದೆ. ಕಾಲು ಊದಿಕೊಂಡಿತ್ತು, ಮಂಚದ ಮೇಲೆ ಕೂತಿದ್ದ. ಬೆಲ್ಟು ತಿರುಗಿಸಿ ತಿರುಗಿಸಿ ನೋಡಿದ.

"ಸಾವ್ಕಾರ್ರೇ, ತಪ್ ತಿಳ್ಕಬ್ಯಾಡಿ," ಅಂದ. "ಇನ್ ಮ್ಯಾಲೆ ಸಹಾಯ ಮಾಡಾಕೆ ಬರೋವಾಗ, ಯಾರ ಬೆನ್ನ ಮ್ಯಾಲೆ ಮಾಡ್ತಿದ್ದೀವಿ ಅಂತ ಒಸಿ ನೋಡ್ಕಳ್ಳಿ."

ಮನೆಗೆ ಬಂದು ಅಟ್ಟ ಹತ್ತಿದರೆ ಬಿಳಿ ಚಿಟ್ಟೆಗಳು ಗೋಡೆ ತುಂಬ ರೆಕ್ಕೆ ಬಡಿಯುತ್ತಿದ್ದವು. ಅವಕ್ಕಾಗಿ ನನಗೆ ಬೇಸರವಾಗಲಿಲ್ಲ. ಉಳಿದದ್ದಕ್ಕೆ ಈಗಲೂ ಆಗುತ್ತದೆ.

ಆಮೇಲೂ ನಾವು ಈ ಕೆಲಸ ಬಿಡಲಿಲ್ಲ. ಹನೂರಿನ ಆಚೆ ಹೂಗ್ಯಂ ಕಾಡಂಚಿನಲ್ಲಿ ಆನೆ ತುಳಿದು ಸತ್ತವನ ಮನೆಗೆ ಹೋದೆವು, ಯಳಂದೂರಿನಲ್ಲಿ ಗಸ್ತು ಹೋದಾಗ ಎದೆನೋವು ಬಂದು ಬಿದ್ದವನ ಮನೆಗೂ ಹೋದೆವು. ದಫೇದಾರರು ಈಗಿಲ್ಲ. ನನ್ನ ಹೆಂಡತಿ ಈಗಲೂ ತಪ್ಪಲೆ ಹೊರುತ್ತಾಳೆ.

ನೀವೂ ಇಂಥ ಮನೆಗೆ ಹೋಗುವವರಾದರೆ ಕೆಲವು ಮಾತು ಕೇಳಿ. ಹಾರ ತರಬೇಡಿ, ಅನ್ನ ತನ್ನಿ. ಜೊತೆಯ ಪೇದೆಗಳಿಗೂ ಸಾಲುವಷ್ಟು ತನ್ನಿ, ಅವರನ್ನು ಯಾರೂ ಕೇಳಿರುವುದಿಲ್ಲ. ಹೆಣ ಎತ್ತುವ ಮೊದಲು ಮೈಮೇಲಿನ ಸರ್ಕಾರದ ಸಾಮಾನು ಏನೇನು ಇದೆ ಅಂತ ಠಾಣೆಯವರ ಎದುರಿಗೇ ಬರೆದು ಅವರ ಸಹಿ ಹಾಕಿಸಿ. ಜೊತೆಗೆ ಕಳಿಸಬೇಕು ಅಂತ ಮನಸ್ಸಿದ್ದರೆ ಕಳಿಸಿ, ಆದರೆ ಸಲ್ಯೂಟ್ ಹೊಡೆಯಲು ಬಂದ ಸಾಹೇಬರ ಕೈಯಲ್ಲಿ ಗುಂಡಿಯ ಅಂಚಿನಲ್ಲೇ ಒಂದು ಸಾಲು ಬರೆಸಿಕೊಳ್ಳಿ. ಆ ಹೊತ್ತಿನಲ್ಲಿ ಇಲ್ಲ ಅನ್ನಲಾರರು, ಮಾರನೆಯ ದಿನ ಅಂದಾರು. ಗಂಡ ಸತ್ತವಳನ್ನು ಕಚೇರಿಗೆ ಒಬ್ಬಳನ್ನೇ ಕಳಿಸಬೇಡಿ. ಅಲ್ಲಿ ಯಾರು ಏನು ಕೇಳಿದರೂ ಕೊಡುತ್ತೇನೆ ಅಂತಲೂ ಅನ್ನಬೇಡಿ, ಕೊಡುವುದಿಲ್ಲ ಅಂತಲೂ ಅನ್ನಬೇಡಿ. "ಎಲ್ಲಿ ಬರೆದಿದೆ, ತೋರಿಸಿ" ಅನ್ನಿ. ತೋರಿಸುವ ತನಕ ಬೆಂಚಿನ ಮೇಲೆ ಕೂತಿರಿ. ಊಟದ ಹೊತ್ತಿಗೆ ಎದ್ದು ಬಂದುಬಿಡಬೇಡಿ, ನೀವು ತಿರುಗಿ ಹೋಗುವಷ್ಟರಲ್ಲಿ ಅವರು ಬೀಗ ಹಾಕಿಕೊಂಡು ಹೋಗಿರುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲೇ ಬಿಚ್ಚಿ ತಿನ್ನಿ.